ಶೇಕಡಾ ನಲವತ್ತು ಅವರಿಗೊಂದು ಬಹಿರಂಗ ಪತ್ರ

ಗೆ,
ಶ್ರೀಮಾನ್ ಶೇಕಡಾ ನಲವತ್ತು ಅವರು,
ವೈದ್ಯಕೀಯ ಮಂಡಳಿ, ಎಲ್ಲ ಜಿಲ್ಲೆಗಳು.

ವಿಷಯ: ತಾವು ತಮ್ಮ ಕೆಲಸವನ್ನಷ್ಟೇ ನೋಡಿಕೊಳ್ಳುವಂತೆ ಕೋರಿ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮಗೆ ಸಾಷ್ಟಾಂಗ ನಮಸ್ಕಾರ ಹಾಕಿ ಬರೆಯುತ್ತಿದ್ದೇನೆ. ಸಾಷ್ಟಾಂಗಕ್ಕೆ ಎಂಟೂ ಅಂಗ ನೆಟ್ಟಗಿರಬೇಕು. ನನ್ನವು ಸದ್ಯಕ್ಕೆ ನೆಟ್ಟಗಿವೆ. ಇಲ್ಲದವರ ಪರವಾಗಿಯೂ ನಾನೇ ಅಡ್ಡ ಬಿದ್ದಿದ್ದೇನೆಂದು ಕಡತದಲ್ಲಿ ನಮೂದಿಸಿಕೊಳ್ಳಬೇಕು.

ನಾನು ಯಾರೆಂದು ತಮಗೆ ಗೊತ್ತಿರಲಿಕ್ಕಿಲ್ಲ. ಊರಿನಲ್ಲಿ ಯಾರಿಗೆ ಯಾವ ಅರ್ಜಿ ಬೇಕಾದರೂ ತುಂಬಿಕೊಡುವ ನಿವೃತ್ತ ಗುಮಾಸ್ತ. ಝೆರಾಕ್ಸ್ ಅಂಗಡಿಯವನು ನನ್ನನ್ನು ಅರ್ಧ ಸರ್ಕಾರ ಅಂದುಕೊಂಡಿದ್ದಾನೆ. ಪಡಿತರ ಚೀಟಿ, ಖಾತೆ ಬದಲಾವಣೆ, ವಿಧವಾ ವೇತನ ಎಲ್ಲ ಬರೆದವನು ನಾನು. ಬೇರೆ ಅರ್ಜಿಗಳಲ್ಲಿ ಕಚೇರಿ ಬದಲಾದರೆ ಸಾಹೇಬರೂ ಬದಲಾಗುತ್ತಾರೆ. ಅಂಗವಿಕಲರ ಅರ್ಜಿಯಲ್ಲಿ ಮಾತ್ರ ಯಾವ ಬಾಗಿಲು ತಟ್ಟಿದರೂ, ವೈಕಲ್ಯ ನಲವತ್ತಿದೆಯೇ ಎಂದು ಕೇಳುತ್ತ ಒಳಗೆ ಕೂತಿರುವವರು ತಾವೊಬ್ಬರೇ.

ತಮ್ಮ ಸೇವಾ ಪುಸ್ತಕವನ್ನು ತಿರುವಿ ಹಾಕಿದೆ. 1995ರ ಅಂಗವಿಕಲರ ಕಾಯ್ದೆಯಲ್ಲಿ ತಮಗೆ ಕುರ್ಚಿ ಸಿಕ್ಕಿತು. ಆಗ ಕಾನೂನು ಗುರುತಿಸಿದ್ದು ಏಳು ಬಗೆಯ ವೈಕಲ್ಯ. 2016ರಲ್ಲಿ ಹಕ್ಕುಗಳ ಕಾಯ್ದೆ ಬಂತು, 2017ರ ಏಪ್ರಿಲ್ 19ರಿಂದ ಜಾರಿಯಾಯಿತು. ಏಳು ಇದ್ದದ್ದು ಇಪ್ಪತ್ತೊಂದಾಯಿತು, ಕೇಂದ್ರದ ಉದ್ಯೋಗ ಮೀಸಲಾತಿ 3ರಿಂದ 4ಕ್ಕೆ ಏರಿತು. ಇಷ್ಟೆಲ್ಲ ಮೇಲೆಕೆಳಗಾದರೂ ತಾವು ಕೂತಲ್ಲಿಂದ ಅಲ್ಲಾಡಲಿಲ್ಲ. ವರ್ಗಾವಣೆ ಇಲ್ಲ, ಇಲಾಖಾ ವಿಚಾರಣೆ ಇಲ್ಲ, ಲೋಕಾಯುಕ್ತರ ದಾಳಿಯಂತೂ ಕನಸಿನಲ್ಲೂ ಇಲ್ಲ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ ಅಂಗವಿಕಲರಿದ್ದರು, ಕರ್ನಾಟಕದಲ್ಲೇ 13.24 ಲಕ್ಷ. ಇಷ್ಟೂ ಜನರ ಹಣೆಬರಹವನ್ನು ಬ್ರಹ್ಮ ಬರೆದು ಮುಗಿಸಿದ ಮೇಲೆ ಮೇಲುಸಹಿಗೆ ತಮ್ಮ ಮೇಜಿಗೆ ಬರುತ್ತದೆ.

ತಾವು ಅಳೆಯುವ ರೀತಿ ನನ್ನಂಥ ಗುಮಾಸ್ತನಿಗೆ ರೋಮಾಂಚನ ತರುವಂಥದ್ದು. ಸೊಂಟದ ಕೀಲಿನಿಂದ ಕಾಲು ಹೋದರೆ 90, ಮೊಣಕಾಲಿನಿಂದ ಹೋದರೆ 75, ಹರಡಿನಿಂದ ಹೋದರೆ 55. ಪಾದದ ಅರ್ಧ ಹೋದರೆ ಸರಿಯಾಗಿ 40, ಅಂದರೆ ತಾವೇ ಸಾಕ್ಷಾತ್. ಅದಕ್ಕಿಂತ ಎರಡು ಬೆರಳು ಈಚೆಗೆ, ಮುಂಪಾದ ಮಾತ್ರ ಹೋದರೆ 30. ಆದ್ದರಿಂದ ಗಿರಣಿಯಲ್ಲೋ ರೈಲು ಹಳಿಯಲ್ಲೋ ಕಾಲು ಕಳೆದುಕೊಳ್ಳುವವರು ಕೊಂಚ ಮುಂದಾಲೋಚನೆ ಮಾಡುವುದು ಒಳ್ಳೆಯದು. ಕೈಯ ಹೆಬ್ಬೆರಳು ಬುಡದಿಂದ ಹೋದರೂ ಕೋಷ್ಟಕ ಕೊಡುವುದು 30. ಏಕಲವ್ಯ ಇಂದು ನಮ್ಮ ತಾಲ್ಲೂಕಿನವನಾಗಿದ್ದರೆ ಗುರುದಕ್ಷಿಣೆ ಕೊಟ್ಟ ಮರುದಿನ ಬಿಳಿ ಪಟ್ಟಿಯ ಕಾರ್ಡ್ ಹಿಡಿದು ವಾಪಸಾಗುತ್ತಿದ್ದ. ತಮಗಿಂತ ಕೆಳಗಿನವರಿಗೆ ಬಿಳಿ, ತಮ್ಮನ್ನು ಮುಟ್ಟಿದವರಿಗೆ ಹಳದಿ, 80 ಮುಟ್ಟಿದವರಿಗೆ ನೀಲಿ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನ ವರ್ಣಾಶ್ರಮ ಇದು.

ಎರಡು ನ್ಯೂನತೆ ಇದ್ದವರಿಗೆ ಬೇರೆ ಲೆಕ್ಕ. ಕೈಗೆ 20, ಕಾಲಿಗೆ 20 ಬಂದರೆ ನಲವತ್ತಾಯಿತಲ್ಲ ಎಂದು ನಾನೂ ಖುಷಿಯಾಗಿದ್ದೆ. ಪ್ರಾಥಮಿಕ ಶಾಲೆಯ ಕೂಡುವ ಲೆಕ್ಕ ತಮ್ಮ ಆಸ್ಥಾನದಲ್ಲಿ ನಡೆಯುವುದಿಲ್ಲ. ತೊಂಬತ್ತರಿಂದ ದೊಡ್ಡ ಸಂಖ್ಯೆಯನ್ನು ಕಳೆದು, ಉಳಿದದ್ದನ್ನು ಚಿಕ್ಕ ಸಂಖ್ಯೆಯಿಂದ ಗುಣಿಸಿ, ತೊಂಬತ್ತರಿಂದ ಭಾಗಿಸಿ, ಬಂದದ್ದನ್ನು ದೊಡ್ಡದಕ್ಕೆ ಸೇರಿಸಬೇಕು. ಇಪ್ಪತ್ತಕ್ಕೆ ಇಪ್ಪತ್ತು ಸೇರಿದರೆ ಮೂವತ್ತೈದೂವರೆ ಚಿಲ್ಲರೆ. ಉಳಿದ ಸುಮಾರು ನಾಲ್ಕೂವರೆ ಎಲ್ಲಿ ಸೋರಿತು ಎಂದು ಕೇಳಬೇಡಿ. ವೈದ್ಯಶಾಸ್ತ್ರದಲ್ಲಿ ಅದಕ್ಕೆ ಕಾರಣವಿದೆಯಂತೆ, ಇರಲಿ. ಕೂಲಿಗೆ ಹೋಗುವವನಿಗೆ ಕೈ ಸೋತ ದಿನ ಕಾಲು ರಿಯಾಯಿತಿ ಕೊಡುವುದಿಲ್ಲ ಅಷ್ಟೆ.

ಮಂಡಳಿ ಕೂರುವ ದಿನ ಆಸ್ಪತ್ರೆಯೊಂದರ ಓಣಿಯಲ್ಲಿ ಒಮ್ಮೆ ಬಂದು ನಿಲ್ಲಿ, ಸ್ವಾಮಿ. ಬೆಳಿಗ್ಗೆ ಎಂಟಕ್ಕೇ ಬೆಂಚು ಭರ್ತಿ. ಬೆಂಚು ಎರಡೇ ಇರುವುದರಿಂದ ನಿಲ್ಲಲಾಗದು ಎಂಬ ಪ್ರಮಾಣಪತ್ರ ಕೇಳಲು ಬಂದವರು ಮಧ್ಯಾಹ್ನದವರೆಗೆ ನಿಂತಿರುತ್ತಾರೆ. ನಾನು ಕರೆದುಕೊಂಡು ಹೋಗಿದ್ದ ದರ್ಜಿಗೆ ಬಾಲ್ಯದಲ್ಲಿ ಪೋಲಿಯೋ. ಹಳೆಯ ಪ್ರಮಾಣಪತ್ರದಲ್ಲಿ 45 ಇತ್ತು, ನವೀಕರಣದಲ್ಲಿ 38 ಬಂತು. ಅವನು ಕೋಪ ಮಾಡಿಕೊಳ್ಳಲಿಲ್ಲ. ಪ್ಯಾಂಟ್ ಮೇಲೆತ್ತಿ ಕಾಲನ್ನೇ ದಿಟ್ಟಿಸಿ ನೋಡಿ, ‘ಬೆಳೆದಂಗೆ ಕಾಣಲ್ವಲ್ಲ ಸಾರ್’ ಅಂದ. ಪಕ್ಕದಲ್ಲಿ ಹದಿನಾರರ ಮಗನ ಕೈ ಹಿಡಿದ ತಾಯಿ. ಮಗನ ಬುದ್ಧಿಮಟ್ಟ ಅಳೆಯುವವರು ಆ ದಿನ ಇಲ್ಲ, ಮುಂದಿನ ವಾರ ಇರಬಹುದು. ಗೋಡೆಗೆ ಒರಗಿ ನೆಟ್ಟಗೆ ನಿಂತಿದ್ದವರು ಒಬ್ಬ ಮಾಜಿ ಹವಾಲ್ದಾರರು. ಕಾಗದಗಳನ್ನು ತಾರೀಖುವಾರು ಜೋಡಿಸಿಟ್ಟ ಫೈಲು ನೋಡಿದರೇ ಗೊತ್ತಾಗುತ್ತಿತ್ತು, ಪಲ್ಟನ್ನಿನ ಮನುಷ್ಯ ಎಂದು. ವೈದ್ಯರನ್ನು ದೂರಲಾರೆ. ಹೊರರೋಗಿಗಳ ಸಾಲು ಬಿಟ್ಟು ಬಂದು, ಗೆಜೆಟ್ಟಿನ ಪುಟ ಮುಂದಿಟ್ಟುಕೊಂಡು, ಕೋನಮಾಪಕದಲ್ಲಿ ಕೀಲು ಅಳೆಯುವವರು ಅವರು. ಆ ಪುಟದಲ್ಲಿ ಹೊಲಿಗೆ ಯಂತ್ರದ ಪೆಡಲ್ ಎಂಬ ಕಾಲಂ ಇಲ್ಲ.

ತಮ್ಮನ್ನು ಮುಟ್ಟಿದವರೆಲ್ಲ ಗೆದ್ದರು ಎಂದುಕೊಂಡರೆ ಅದೂ ತಪ್ಪು. ಮಾತಿನ ತೊಂದರೆ ಇರುವ ವಿದ್ಯಾರ್ಥಿಯೊಬ್ಬ ವೈದ್ಯಕೀಯ ಸೀಟಿಗೆ ಅರ್ಜಿ ಹಾಕಿದ. ಮೀಸಲಾತಿ ಬೇಕಾದರೆ 40 ಇರಬೇಕು. ಅವನಿಗೆ ತಮಗಿಂತ ಸ್ವಲ್ಪ ಹೆಚ್ಚೇ ಇತ್ತು. ಆದರೆ ಮಾತಿನ ವೈಕಲ್ಯ 40 ಮುಟ್ಟಿದರೆ ಎಂಬಿಬಿಎಸ್ ಓದಲು ಅನರ್ಹ ಎಂದು ನಿಯಮ ಹೇಳುತ್ತಿತ್ತು! ಕಡಿಮೆ ಇದ್ದರೆ ಮೀಸಲಾತಿಗೆ ಸಲ್ಲ, ಇದ್ದರೆ ಕಾಲೇಜಿಗೇ ಸಲ್ಲ. ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್‌ನಲ್ಲಿ, ಬರೀ ಶೇಕಡಾವಾರು ನೋಡಿ ಬಾಗಿಲು ಹಾಕಬೇಡಿ, ಆ ಹುಡುಗ ಓದಬಲ್ಲನೇ ಎಂದು ಪರೀಕ್ಷಿಸಿ ಎಂದಿತು. ತಮಿಳುನಾಡಿನಲ್ಲಿ ಸಿವಿಲ್ ನ್ಯಾಯಾಧೀಶರ ಹುದ್ದೆಗೆ ದೃಷ್ಟಿದೋಷ 40ರಿಂದ 50ರೊಳಗೆ ಇರಬೇಕು ಎಂಬ ಷರತ್ತಿತ್ತು. 70 ಇದ್ದ ವಕೀಲರೊಬ್ಬರು ಹೊರಗುಳಿದರು, 2019ರಲ್ಲಿ ಸುಪ್ರೀಂ ಕೋರ್ಟೂ ಆ ಷರತ್ತನ್ನು ಎತ್ತಿ ಹಿಡಿಯಿತು. ಕುರುಡರೆಂದು ನ್ಯಾಯಾಂಗ ಸೇವೆಗೆ ಅಡ್ಡಿ ಮಾಡಕೂಡದು ಎಂದು ಅದೇ ಕೋರ್ಟ್ ಸ್ಪಷ್ಟವಾಗಿ ಹೇಳಲು 2025ರ ಮಾರ್ಚ್ ಬರಬೇಕಾಯಿತು. ನಡುವಿನ ಆರು ವರ್ಷದಲ್ಲಿ ಎಷ್ಟು ಜನರ ವಯೋಮಿತಿ ಮೀರಿತೋ, ಅದನ್ನು ಅಳೆಯುವ ಕೋಷ್ಟಕ ಇನ್ನೂ ತಯಾರಾಗಿಲ್ಲ.

ಮುಖ್ಯ ವಿಷಯಕ್ಕೆ ಬರುತ್ತೇನೆ. ಕಾಯ್ದೆಯನ್ನು ನಾನು ಓದಿದ್ದೇನೆ, ಗುಮಾಸ್ತರಿಗೆ ಆ ಕೆಟ್ಟ ಚಾಳಿ ಇರುತ್ತದೆ. 2016ರ ಕಾಯ್ದೆ ಇಬ್ಬರನ್ನು ಬೇರೆ ಬೇರೆಯಾಗಿ ಹೆಸರಿಸುತ್ತದೆ. ದೀರ್ಘಕಾಲದ ನ್ಯೂನತೆಯಿಂದ, ಎದುರಾಗುವ ಅಡೆತಡೆಗಳಿಂದ ಬಾಳಿನಲ್ಲಿ ಸಮನಾಗಿ ಪಾಲ್ಗೊಳ್ಳಲಾಗದವರು ಒಬ್ಬರು. ಅಲ್ಲಿ ತಮ್ಮ ಹೆಸರೇ ಇಲ್ಲ, ಸಂಖ್ಯೆಯೇ ಇಲ್ಲ. ಮೀಸಲಾತಿಯಂಥ ಕೆಲವು ಸವಲತ್ತಿಗೆ ಅರ್ಹರಾಗುವವರು ಇನ್ನೊಬ್ಬರು. ಅಲ್ಲಿ ಮಾತ್ರ ತಾವಿದ್ದೀರಿ. ಇರುವ ನಾಲ್ಕು ಹುದ್ದೆಗೆ ನಾನೂರು ಜನ ಬಂದರೆ ಎಲ್ಲಾದರೂ ಒಂದು ಗೆರೆ ಎಳೆಯಲೇಬೇಕು ಎಂಬುದನ್ನು ಒಪ್ಪುತ್ತೇನೆ. ಸುಳ್ಳು ಪ್ರಮಾಣಪತ್ರದವರೂ ಇದ್ದಾರೆ, ಆ ಸಿಟ್ಟು ಕೊನೆಗೆ ತಿರುಗುವುದು ದರ್ಜಿಯ ಮೇಲೆಯೇ. ಆದರೆ ಒಂದು ಬಾಗಿಲು ಕಾಯಲು ನೇಮಿಸಿದ ತಮ್ಮನ್ನು ನಮ್ಮ ಕಚೇರಿಗಳು ಎಲ್ಲ ಬಾಗಿಲಿಗೂ ಕಾವಲು ನಿಲ್ಲಿಸಿದವು. ಬೆರಳು ಸೆಟೆದುಕೊಂಡು ಬರೆಯಲಾಗದ ಅಭ್ಯರ್ಥಿಯೊಬ್ಬ ನಾಗರಿಕ ಸೇವಾ ಪರೀಕ್ಷೆಗೆ ಬರಹಗಾರರನ್ನು ಕೇಳಿದ. 40 ಇಲ್ಲ, ಆದ್ದರಿಂದ ಬರಹಗಾರರೂ ಇಲ್ಲ ಎಂದರು. 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟೇ: ಬರೆಯಲು ನೆರವು ಕೊಡುವುದಕ್ಕೂ ಮೀಸಲಾತಿಗೂ ಸಂಬಂಧವಿಲ್ಲ, ತಕ್ಕ ಅನುಕೂಲ ಎಲ್ಲ ಅಂಗವಿಕಲರ ಹಕ್ಕು, ಅದಕ್ಕೆ ನಲವತ್ತರ ಚೀಟಿ ಬೇಕಿಲ್ಲ. ಆ ತೀರ್ಪಿನ ಪ್ರತಿಯನ್ನು ನಾನು ಒಂದು ಕಚೇರಿಯಲ್ಲಿ ಕೊಟ್ಟಾಗ, ‘ಇದರಲ್ಲಿ ಪರ್ಸೆಂಟೇಜ್ ಎಷ್ಟು ಅಂತ ಎಲ್ಲಿದೆ?’ ಎಂದು ಪುಟ ತಿರುವಿ ಹುಡುಕಿದರು.

ತಮ್ಮ ದಾಯಾದಿಗಳ ಬಗ್ಗೆಯೂ ಎರಡು ಮಾತು. ಶೇಕಡಾ 80 ಅವರು ದಿಲ್ಲಿಯಲ್ಲಿದ್ದಾರೆ. ಬಡತನ ರೇಖೆಯ ಕೆಳಗಿದ್ದು, 80 ಮುಟ್ಟಿದರೆ ಕೇಂದ್ರದ ಅಂಗವಿಕಲ ಪಿಂಚಣಿಯಡಿ ತಿಂಗಳಿಗೆ 300 ರೂಪಾಯಿ. ಅಂದರೆ ದಿನಕ್ಕೆ 10 ರೂಪಾಯಿ. ನಮ್ಮ ತಾಲ್ಲೂಕು ಕಚೇರಿಯ ಎದುರು ಒಂದು ಕಾಫಿ ಅದಕ್ಕಿಂತ ತುಟ್ಟಿ. ಶೇಕಡಾ 75 ಅವರು ನಮ್ಮ ರಾಜ್ಯದವರು, ಉದಾರಿಗಳು. ತಮ್ಮನ್ನು ಮುಟ್ಟಿ, ಅವರನ್ನು ದಾಟದವರಿಗೆ 2021ರಲ್ಲಿ 600 ಇದ್ದದ್ದು 800 ಆಯಿತು. 75 ದಾಟಿದವರಿಗೆ 1,400. ಮೊಣಕಾಲ ಕೀಲಿನ ಮೇಲೆ ಕತ್ತರಿಸಿದರೋ ಕೆಳಗೆ ಕತ್ತರಿಸಿದರೋ ಎಂಬುದಕ್ಕೆ ತಿಂಗಳಿಗೆ 600 ರೂಪಾಯಿ ಬೆಲೆ ಇದೆ ಎಂದು ಶಸ್ತ್ರವೈದ್ಯರಿಗೆ ಯಾರಾದರೂ ಮೊದಲೇ ತಿಳಿಸಬೇಕು. ಬಸ್ ಪಾಸ್ ಉಂಟು, ಮನೆಯಿಂದ 100 ಕಿಲೋಮೀಟರ್ ವ್ಯಾಪ್ತಿಗೆ. ನೂರೊಂದನೆಯ ಕಿಲೋಮೀಟರಿಗೆ ಕಾಲು ಚಿಗುರುತ್ತದೆಂದು ಸಾರಿಗೆಯವರ ನಂಬಿಕೆ. ಆದಾಯ ತೆರಿಗೆಯಲ್ಲಿ ತಮ್ಮನ್ನು ಮುಟ್ಟಿದವರಿಗೆ 75,000, ಎಂಬತ್ತನ್ನು ಮುಟ್ಟಿದವರಿಗೆ 1,25,000 ರೂಪಾಯಿ ವಿನಾಯಿತಿ ಇದೆ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡರೆ ಅದೂ ಇಲ್ಲ. ಹೊಸ ಪದ್ಧತಿಯಲ್ಲಿ ಎಲ್ಲರೂ ಸರ್ವಾಂಗ ಸಂಪೂರ್ಣರು.

ಉದ್ಯೋಗದ ಮಾತಿಗೆ ಬಂದರೆ ಕೇಂದ್ರ ಸರ್ಕಾರ 2021ರ ಜನವರಿಯಲ್ಲಿ ಅಂಗವಿಕಲರಿಗೆ ಸೂಕ್ತವೆಂದು ಮೂರೂವರೆ ಸಾವಿರಕ್ಕೂ ಹೆಚ್ಚು ಹುದ್ದೆಗಳ ಪಟ್ಟಿ ಹೊರಡಿಸಿತು. ನೇಮಕಾತಿ ಪ್ರಕಟಣೆಯಲ್ಲಿ ಪ್ರತಿ ಹುದ್ದೆಯ ಮುಂದೆ ಬೀಜಾಕ್ಷರಗಳಿರುತ್ತವೆ. ಎಸ್ ಎಂದರೆ ಕೂರಬೇಕು, ಎಸ್‌ಟಿ ಎಂದರೆ ನಿಲ್ಲಬೇಕು, ಡಬ್ಲ್ಯೂ ಎಂದರೆ ನಡೆಯಬೇಕು, ಬಿಎನ್ ಎಂದರೆ ಬಗ್ಗಬೇಕು, ಜೆಯು ಎಂದರೆ ಜಿಗಿಯಬೇಕು, ಸಿಆರ್‌ಎಲ್ ಎಂದರೆ ತೆವಳಬೇಕು. ನನ್ನ ಇಡೀ ಸೇವೆಯಲ್ಲಿ ನನಗೆ ಜಿಗಿಯುವ ಪ್ರಸಂಗ ಬರಲಿಲ್ಲ. ತೆವಳಿದ್ದುಂಟು, ವರ್ಗಾವಣೆಯ ಕಾಲದಲ್ಲಿ. ಇದರ ಜೊತೆಗೆ ಓಎಲ್ ಎಂದರೆ ಒಂದು ಕಾಲು, ಬಿಎಲ್ ಎಂದರೆ ಎರಡೂ ಕಾಲು, ಓಎ ಎಂದರೆ ಒಂದು ತೋಳು. ಒಂದು ಕಾಲಿನವರು ಆಗಬಹುದು, ಎರಡೂ ಕಾಲಿನವರು ಆಗದು ಎಂದು ಬರೆದ ಹುದ್ದೆಯ ಕೆಲಸವೇನೆಂದು ನೋಡಿದರೆ ಇಡೀ ದಿನ ಕುರ್ಚಿಯಲ್ಲಿ ಕೂತು ಕಂಪ್ಯೂಟರಿನಲ್ಲಿ ಅಂಕಿ ತುಂಬುವುದು!

ಮೀಸಲಿಟ್ಟ ಹುದ್ದೆ ತುಂಬದಿದ್ದರೆ ಮುಂದಿನ ವರ್ಷಕ್ಕೆ ಒಯ್ಯಬೇಕು. ಆಗಲೂ ಸಿಗದಿದ್ದರೆ ವೈಕಲ್ಯದ ಬೇರೆ ವರ್ಗಗಳವರಿಗೆ ಕೊಡಬೇಕು. ಅವರಲ್ಲೂ ಯಾರೂ ಸಿಗದಿದ್ದರೆ ಅಂಗವಿಕಲರಲ್ಲದವರಿಗೆ ಕೊಡಬಹುದು. ‘ಅರ್ಹರು ಲಭ್ಯವಿಲ್ಲ’ ಎಂಬ ಷರಾ ಬರೆಯಲು ಗುಮಾಸ್ತನಿಗೆ ಅರ್ಧ ನಿಮಿಷ ಸಾಕು, ನಾನೇ ಖಾತರಿ ಕೊಡುತ್ತೇನೆ. 2008ರ ನಾಗರಿಕ ಸೇವಾ ಪರೀಕ್ಷೆ ಬರೆದ ಪೂರ್ಣ ಅಂಧ ಅಭ್ಯರ್ಥಿಯೊಬ್ಬರಿಗೆ ಹಳೆಯ ಖಾಲಿ ಹುದ್ದೆಗಳನ್ನು ತುಂಬದೆ ಅನ್ಯಾಯವಾಯಿತೆಂದು ನೇಮಕದ ಆದೇಶ ಬಂದದ್ದು 2024ರ ಜುಲೈಯಲ್ಲಿ, ಅದೂ ಸುಪ್ರೀಂ ಕೋರ್ಟಿನಿಂದ. ಅವರ ಕುರುಡು ಶೇಕಡಾ ನೂರು. ಅರ್ಹತೆಯಲ್ಲಿ ಯಾವ ಕೊರತೆಯೂ ಇರಲಿಲ್ಲ, ತಾಳ್ಮೆಯಲ್ಲೂ.

ಈಗ ಓಣಿಯ ಹವಾಲ್ದಾರರ ಕಡೆ ಬರೋಣ. ಸೈನ್ಯದಲ್ಲಿ ತಮ್ಮ ಆಟ ನಡೆಯುವುದಿಲ್ಲ, ಅಲ್ಲಿ ಶೇಕಡಾ 20 ಅವರು ದೊರೆ. ಸೇವೆಯಿಂದಲೇ ಆದ ವೈಕಲ್ಯ 20 ಮುಟ್ಟಿದರೆ ಅಂಗವೈಕಲ್ಯ ಪಿಂಚಣಿ. ಅಲ್ಲಿನ ಗಣಿತವೂ ದೊಡ್ಡ ಮನಸ್ಸಿನದು. 1996ರಿಂದ ಅನ್ವಯವಾಗುವಂತೆ, ವೈಕಲ್ಯದಿಂದ ಮನೆಗೆ ಕಳಿಸಿದ ಸೈನಿಕರಿಗೆ 50ಕ್ಕಿಂತ ಕಡಿಮೆ ಇದ್ದದ್ದನ್ನು 50 ಎಂದು, 50ರಿಂದ 75ರವರೆಗಿನದನ್ನು 75 ಎಂದು, ಅದಕ್ಕೂ ಮೇಲಿನದನ್ನು 100 ಎಂದು ಎಣಿಸುವ ಪದ್ಧತಿ ಬಂತು. ಜಿಲ್ಲಾ ಆಸ್ಪತ್ರೆಯಲ್ಲಿ ಇಪ್ಪತ್ತಕ್ಕೆ ಇಪ್ಪತ್ತು ಸೇರಿಸಿದರೆ ಮೂವತ್ತೈದೂವರೆ, ಸೇನೆಯಲ್ಲಿ ಬರೀ ಇಪ್ಪತ್ತೇ ಐವತ್ತು! ಆರ್ಯಭಟನ ನಾಡಿನಲ್ಲಿ ಎರಡು ಅಂಕಗಣಿತ ಇದ್ದರೆ ತಪ್ಪೇನಿಲ್ಲ. ಆದರೆ ಅವಧಿ ಪೂರೈಸಿ ನಿವೃತ್ತರಾದವರಿಗೆ ಈ ಲೆಕ್ಕ ಸಲ್ಲದು ಎಂದು ಸರ್ಕಾರ ವಾದಿಸಿತು. ಒಂದೇ ಕಂದಕ, ಒಂದೇ ಹಿಮ, ಒಂದೇ ಬೆನ್ನುನೋವು. ಮಧ್ಯದಲ್ಲಿ ಬಿಟ್ಟವನಿಗೆ 50, ಪೂರ್ತಿ ದುಡಿದವನಿಗೆ 20. ಕಡೆಯವರೆಗೆ ನಿಂತದ್ದೇ ಅವನ ತಪ್ಪು. ಇಬ್ಬರಿಗೂ ಒಂದೇ ಲೆಕ್ಕ ಎಂದು 2014ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಸರ್ಕಾರದ ಮೇಲ್ಮನವಿಗಳನ್ನು ವಜಾ ಮಾಡಿ.

ಇನ್ನೂ ವಿಚಿತ್ರ ಕೆಡೆಟ್‌ಗಳದ್ದು. ಅಧಿಕಾರಿಯಾಗಲು ತರಬೇತಿಗೆ ಸೇರಿ, ತರಬೇತಿಯಲ್ಲೇ ಬೆನ್ನುಮೂಳೆ ಮುರಿದುಕೊಂಡು ಗಾಲಿಕುರ್ಚಿಗೆ ಬಿದ್ದ ಹುಡುಗರು. ಅಧಿಕಾರಿಯಾಗುವ ಮೊದಲೇ ಪೆಟ್ಟಾದ್ದರಿಂದ ಅವರು ಸೈನಿಕರಲ್ಲ. ಸೈನಿಕರಲ್ಲದ್ದರಿಂದ ಮಾಜಿ ಸೈನಿಕರೂ ಅಲ್ಲ. ನೂರಕ್ಕೆ ನೂರು ವೈಕಲ್ಯವಿದ್ದೂ ಅವರನ್ನು ಯಾವ ಕಾಲಂನಲ್ಲಿ ಬರೆಯಬೇಕೆಂದು ತಿಳಿಯಲಿಲ್ಲ. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣ ಎತ್ತಿಕೊಂಡಿತು. ಅಗ್ನಿವೀರರಿಗಾದರೆ ಲೆಕ್ಕ ಸಲೀಸು. ವೈಕಲ್ಯ 50, 75, 100 ಆದಂತೆ 15, 25, 44 ಲಕ್ಷದ ಒಂದೇ ಬಾರಿಯ ಪರಿಹಾರ. ನಾಲ್ಕು ವರ್ಷ ಮುಗಿದ ಮೇಲೆ ಹೊರಬೀಳುವ ಬಹುಪಾಲು ಹುಡುಗರಿಗೆ ಪಿಂಚಣಿಯೂ ಇಲ್ಲ, ಮಾಜಿ ಸೈನಿಕರೆಂಬ ಸ್ಥಾನಮಾನವೂ ಇಲ್ಲ.

ಸಾಮಾನ್ಯ ಜವಾನ ಊರಿಗೆ ಬರುವುದು ಮೂವತ್ತೈದು, ನಲವತ್ತರ ವಯಸ್ಸಿನಲ್ಲಿ, ಮಕ್ಕಳು ಹೈಸ್ಕೂಲಿನಲ್ಲಿರುವಾಗ. ದೇಶದಲ್ಲಿ ವರ್ಷಕ್ಕೆ ಸುಮಾರು 60,000 ಮಂದಿ ಹೀಗೆ ಬರುತ್ತಾರೆ. ಅವರಿಗೆ ನಮ್ಮ ರಾಜ್ಯದ ನೇಮಕಾತಿಯಲ್ಲಿ 10ರ ಮೀಸಲಾತಿ ಇದೆ, ಕೇಂದ್ರದ ಸಿ ಗುಂಪಿನಲ್ಲಿ 10, ಡಿ ಗುಂಪಿನಲ್ಲಿ 20. ಆರನೇ ವೇತನ ಆಯೋಗದ ನಂತರ ಕೇಂದ್ರದಲ್ಲಿ ಡಿ ಗುಂಪನ್ನೇ ಸಿ ಗುಂಪಿನಲ್ಲಿ ಕರಗಿಸಿದರು ಎಂಬುದನ್ನು ಹವಾಲ್ದಾರರಿಗೆ ನಾನು ಹೇಳಲಿಲ್ಲ. ಅವರು ಈಗ ಎಟಿಎಂ ಒಂದರ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ರಾತ್ರಿಪಾಳಿ ಮಾಡುತ್ತಾರೆ. ಫಿರಂಗಿಯ ದೂರ ಲೆಕ್ಕ ಹಾಕುತ್ತಿದ್ದವರು, ಯಂತ್ರದಲ್ಲಿ ಹಣ ಇದೆಯೋ ಇಲ್ಲವೋ ಎಂದು ಬಂದವರಿಗೆ ಹೇಳುತ್ತಾರೆ. ಕಿವಿ ಸ್ವಲ್ಪ ಮಂದ. ತೋಪುಖಾನೆಯಲ್ಲಿದ್ದವರಿಗೆ ಇದು ಹೊಸತಲ್ಲ. ಆ ಕಿವಿಗೆ ಸೇನೆಯ ಮಂಡಳಿ ಒಂದು ಅಂಕಿ ಕೊಟ್ಟಿತ್ತು, ನಾಗರಿಕ ಮಂಡಳಿ ಇನ್ನೊಂದು ಕೊಟ್ಟಿತು. ಎರಡೂ ಕಾಗದ ಫೈಲಿನಲ್ಲಿವೆ. ಒಂದೇ ಕಿವಿಗೆ ಎರಡು ಕಡೆ ಎರಡು ಬೆಲೆ ಹೇಗೆ ಎಂದು ಅವರು ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ, ತಮಗೆ ಗೊತ್ತಿದ್ದರೆ ನೇರವಾಗಿ ಬರೆಯಿರಿ.

ಮಾನ್ಯರೇ, ಇಷ್ಟು ಕರಾರುವಾಕ್ಕಾಗಿ ಅಳೆಯಬಲ್ಲ ತಾವು ಇದುವರೆಗೆ ಒಂದೇ ಒಂದು ಸರ್ಕಾರಿ ಕಚೇರಿಯನ್ನು ಯಾಕೆ ಅಳೆದಿಲ್ಲ? ಕಟ್ಟಡಗಳೂ ಮಂಡಳಿಯ ಮುಂದೆ ಬರಲಿ. ರ‍್ಯಾಂಪ್ ಇಲ್ಲದ್ದಕ್ಕೆ 30, ಲಿಫ್ಟ್ ಕೆಟ್ಟದ್ದಕ್ಕೆ 20, ಶೌಚಾಲಯಕ್ಕೆ ಬೀಗ ಹಾಕಿ ಬೀಗದ ಕೈ ಯಾರ ಬಳಿ ಇದೆಯೆಂದು ಗೊತ್ತಿಲ್ಲದ್ದಕ್ಕೆ 25. ರ‍್ಯಾಂಪ್ ಇದ್ದೂ ಅದರ ಬುಡದಲ್ಲಿ ಸಾಹೇಬರ ಜೀಪು ನಿಲ್ಲಿಸಿದ್ದರೆ ವೈದ್ಯರ ವಿವೇಚನೆಗೆ ಬಿಟ್ಟದ್ದು. ಬೇಕಾದರೆ ತಮ್ಮ ತೊಂಬತ್ತರ ಸೂತ್ರವನ್ನೇ ಹಚ್ಚಿ, ನನ್ನ ತಕರಾರಿಲ್ಲ. ಕಟ್ಟಡಗಳನ್ನು ಸರಿಪಡಿಸಲು ಕಾಯ್ದೆಯೇ ಐದು ವರ್ಷದ ಗಡುವು ಕೊಟ್ಟಿತ್ತು. ನಿಯಮಗಳು 2017ರ ಜೂನ್‌ನಲ್ಲಿ ಬಂದವು, ಗಡುವು 2022ರ ಜೂನ್‌ಗೆ ತೀರಿತು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ನೋಡಿದಾಗ, ಆ ನಿಯಮ ಬರೀ ಮಾರ್ಗಸೂಚಿಯಂತಿದೆ, ಕಡ್ಡಾಯವಾಗಿ ಪಾಲಿಸಬೇಕಾದ ಮಾನದಂಡವನ್ನು ಮೂರು ತಿಂಗಳಲ್ಲಿ ಬರೆಯಿರಿ ಎನ್ನಬೇಕಾಯಿತು. ಮನುಷ್ಯರ ಕಾಲಿಗೆ ಕಡ್ಡಾಯ ಮಾನದಂಡ, ಮೆಟ್ಟಿಲಿಗೆ ಸಲಹೆ.

ಪ್ರತಿ ಡಿಸೆಂಬರ್ 3ಕ್ಕೆ ಅಂಗವಿಕಲರ ದಿನಾಚರಣೆ ತಪ್ಪದೆ ನಡೆಯುತ್ತದೆ. ನಮ್ಮಲ್ಲಿ ಒಮ್ಮೆ ಗಾಲಿಕುರ್ಚಿಯ ಶಿಕ್ಷಕಿಗೆ ಸನ್ಮಾನ ಇತ್ತು. ವೇದಿಕೆಗೆ ಐದು ಮೆಟ್ಟಿಲು, ಇಳಿಜಾರಿಲ್ಲ. ನಾಲ್ವರು ಯುವಕರು ಕುರ್ಚಿ ಸಮೇತ ಎತ್ತಿಕೊಂಡು ಹೋದರು. ಶಾಲು, ಹಾರ, ಹಣ್ಣಿನ ಬುಟ್ಟಿ. ಭಾಷಣಕಾರರು ಅವರನ್ನು ಸ್ಫೂರ್ತಿಯ ಚಿಲುಮೆ ಎಂದರು. ಕಾರ್ಯಕ್ರಮ ಮುಗಿಯುವಷ್ಟರಲ್ಲಿ ಯುವಕರು ಊಟಕ್ಕೆ ಹೋಗಿದ್ದರು. ಚಿಲುಮೆಯವರು ಹಣ್ಣಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಶಾಮಿಯಾನ ಬಿಚ್ಚುವವರೆಗೂ ವೇದಿಕೆಯ ಮೇಲೆಯೇ ಇದ್ದರು. ಅವರ ಕಾರ್ಡಿನ ಪಟ್ಟಿ ನೀಲಿ, ಸರ್ಕಾರದ ಕಡೆಯಿಂದ ಯಾವ ಕೊರತೆಯೂ ಆಗಿರಲಿಲ್ಲ.

ನನ್ನ ಕೋರಿಕೆ ಸಣ್ಣದು. ತಾವು ನಿವೃತ್ತರಾಗಬೇಕೆಂದು ಕೇಳುತ್ತಿಲ್ಲ. ಮೀಸಲಾತಿಯ ಬಾಗಿಲಲ್ಲಿ ಕೂತಿರಿ, ಸಂತೋಷ. ಬರಹಗಾರ, ಕುರ್ಚಿಯ ಎತ್ತರ, ನೆಲಮಹಡಿಗೆ ವರ್ಗಾವಣೆ, ಪರದೆ ಓದುವ ತಂತ್ರಾಂಶ, ಹೆಚ್ಚುವರಿ ಅರ್ಧ ಗಂಟೆ, ಇಂಥ ವಿಷಯಗಳ ಕಡತ ಬಂದಾಗ ದಯವಿಟ್ಟು ಆ ದಿನ ಸಾಂದರ್ಭಿಕ ರಜೆ ಹಾಕಿ. ದರ್ಜಿ ಮರುಪರಿಶೀಲನೆಗೆ ಅರ್ಜಿ ಹಾಕಿದ್ದಾನೆ, ಹಿಂಬರಹ ಇನ್ನೂ ಬಂದಿಲ್ಲ. ಅವನಿಗೆ ಬೇಕಿರುವುದು ಎರಡು ಅಂಕ. ತಮಗೆ ಅದು ದಶಮಾಂಶದ ಬಾಬತ್ತು, ಅವನಿಗೆ ತಿಂಗಳಿಗೆ 800.

ಇಂತಿ ತಮ್ಮ ವಿಧೇಯ,
ಅರ್ಜಿ ತುಂಬಿಕೊಡುವವ

ಲಗತ್ತು: ದೃಢೀಕರಿಸಿದ ನಕಲು, ಮೂರು ಪ್ರತಿಗಳಲ್ಲಿ.

ಪ್ರತಿಯನ್ನು ಮಾಹಿತಿಗಾಗಿ: ಶೇಕಡಾ 20, ಶೇಕಡಾ 75, ಶೇಕಡಾ 80 ಅವರಿಗೆ. ಶೇಕಡಾ 39 ಅವರಿಗೆ ಪ್ರತಿ ಕಳುಹಿಸಿಲ್ಲ. ಅವರು ಅರ್ಹರಲ್ಲ.